ಸೈಕಾಸ್ ಗಿಡಕ್ಕೆ ಔಷಧಿ ಹೊಡೆಸಿದವನು ನಾನೇ

ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ತೋಟ ನೋಡಿಕೊಳ್ಳುವುದು ನನ್ನ ಕೆಲಸ. ಒಮ್ಮೆ ಅಲ್ಲಿಯವರು ಚಿಟ್ಟೆ ತೋಟ ಬೇಕು ಅಂದರು. ಲಂಟಾನ, ಪೆಂಟಾಸ್, ಡುರಾಂಟ ಸಾಲಾಗಿ ನೆಟ್ಟೆ. ಮೂರೂ ಹೊರದೇಶದವು. ಚಿಟ್ಟೆಗಳೇನೋ ಬಂದವು, ಫೋಟೋಗಳೂ ಆದವು. ಎಲೆ ಮಗುಚಿ ನೋಡಿದರೆ ಮಾತ್ರ ಒಂದು ಮೊಟ್ಟೆಯೂ ಇಲ್ಲ, ಚಿಟ್ಟೆಯ ಮರಿಹುಳವೂ ಇಲ್ಲ. ಬಾಗಿಲಲ್ಲೇ ಕಾಫಿ ಕುಡಿದು ಹೊರಡುವ ನೆಂಟರ ಹಾಗೆ, ಮಕರಂದ ಹೀರಿ ಹಾರುತ್ತಿದ್ದವು.

ಹೊರಗಿನ ಗಿಡ ನಮ್ಮ ಹುಳಕ್ಕೆ ಆಗಲ್ಲ ಅಂತ ತೀರ್ಮಾನಿಸಿದೆ. ಅದೂ ತಪ್ಪೇ.

ಗೇಟಿನ ಹತ್ತಿರ ಜಪಾನ್ ಮೂಲದ, ಈಚಲಿನಂತೆ ಗರಿ ಬಿಡುವ ಸೈಕಾಸ್ ಇದೆ. ಹೊಸ ಸುಳಿ ಬಿಚ್ಚಿದಾಗೆಲ್ಲ ಎಲೆ ಸುಟ್ಟಂತೆ ಆಗುತ್ತಿತ್ತು. ದೂರು ಬಂತು, ಹಿಂದೆಮುಂದೆ ನೋಡದೆ ಔಷಧಿ ಹೊಡೆಸಿದೆ. ಮುಂದಿನ ಸುಳಿ ಬಂದಾಗ ಯಾಕೋ ಬಗ್ಗಿ ನೋಡಿದೆ. ಎಳೆ ಎಲೆಯ ಮೇಲೆ ಪುಟ್ಟ ಹುಳಗಳು, ಸುತ್ತ ಇರುವೆಗಳು. ಇರುವೆ ತಿನ್ನೋಕೆ ಬಂದಿದ್ದಲ್ಲ, ಕಾವಲಿಗೆ! ಹುಳದ ಬೆನ್ನಿನಿಂದ ಒಸರುವ ಸಿಹಿ ರಸವೇ ಅವಕ್ಕೆ ಕೂಲಿ. ಅದು ಪ್ಲೇನ್ಸ್ ಕ್ಯುಪಿಡ್, ನಮ್ಮದೇ ನೀಲಿ ಚಿಟ್ಟೆ. ಪಶ್ಚಿಮ ಘಟ್ಟದಲ್ಲೂ ಸೈಕಾಸ್ ಇದೆ. ಜಪಾನಿನದು ಅದರ ದಾಯಾದಿ, ಹುಳಕ್ಕೆ ಅಷ್ಟು ಸಾಕು.

ಆಮೇಲೆ ಎಲ್ಲ ಗಿಡಗಳನ್ನೂ ಹೀಗೇ ನೋಡತೊಡಗಿದೆ. ನೀಲಿ ಹೂವಿನ ಪ್ಲಂಬಾಗೊ ದಕ್ಷಿಣ ಆಫ್ರಿಕಾದ್ದು, ನಮ್ಮ ಚಿತ್ರಮೂಲದ ನೆಂಟ. ಅದರ ಮೊಗ್ಗು ಕೊರೆಯುವುದು ಝೀಬ್ರಾ ಬ್ಲೂ ಚಿಟ್ಟೆಯ ಹುಳ. ಕೆಂಪು-ಹಳದಿ ಹೂವಿನ ಮಿಲ್ಕ್‌ವೀಡ್ ಅಮೆರಿಕದ್ದು, ಎಕ್ಕದ ಬಳಗ. ಪ್ಲೇನ್ ಟೈಗರ್ ಚಿಟ್ಟೆ ಅದರ ಮೇಲೂ ಮೊಟ್ಟೆ ಇಡುತ್ತದೆ. ತಾಯಿ ಚಿಟ್ಟೆ ಎಲೆಯ ಮೇಲೆ ಕೂತು ಕಾಲಿನಿಂದಲೇ ರುಚಿ ನೋಡುತ್ತದೆ. ಎಲೆಯೊಳಗಿನ ರಾಸಾಯನಿಕ ಹೊಂದಿದರೆ ಆಯ್ತು, ಊರು ಕೇರಿ ಯಾರು ಕೇಳ್ತಾರೆ?

ಆದರೆ ಈ ನೆಂಟಸ್ತಿಕೆ ಕೈಕೊಡುವುದೂ ಉಂಟು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ರಿಚ್ಮಂಡ್ ಬರ್ಡ್‌ವಿಂಗ್ ಚಿಟ್ಟೆ ದಕ್ಷಿಣ ಅಮೆರಿಕದ ಡಚ್‌ಮನ್ಸ್ ಪೈಪ್ ಬಳ್ಳಿಯನ್ನು ತನ್ನ ಬಳ್ಳಿ ಅಂದುಕೊಂಡು ಮೊಟ್ಟೆ ಇಡುತ್ತದೆ. ಎಲೆ ತಿಂದ ಮರಿಗಳು ಸಾಯುತ್ತವೆ. ಅದೇ ಬಳ್ಳಿಯನ್ನು ನರ್ಸರಿಯವರು ಚಂದದ ಹೂವು ಅಂತ ನನಗೂ ತೋರಿಸಿದ್ದರು. ಬೇಡ ಅಂದೆ, ಅದರ ದಾಯಾದಿಯಾದ ನಮ್ಮ ಈಶ್ವರಿ ಬಳ್ಳಿ ಹುಡುಕಿ ತಂದೆ. ಸಿಗೋದು ಸ್ವಲ್ಪ ಕಷ್ಟ.

ಈಗ ಗೇಟಿನ ಸೈಕಾಸಿಗೆ ಸುಳಿ ಬಂದರೆ ಎಲೆ ಬಲಿಯುವ ತನಕ ಬಲೆ ಮುಚ್ಚುತ್ತೇನೆ. ಬಲಿತ ಎಲೆ ಹುಳಕ್ಕೆ ಬೇಡ. ಪಂಪ್ ರೂಮಿನ ಹಿಂದಿನ ಸೈಕಾಸನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ. ನೋಡಲು ಅಸಹ್ಯವಾಗಿದೆ, ನಿಜ. ಕಮಿಟಿಯವರು ಆ ಕಡೆ ಹೋಗುವುದು ಕಡಿಮೆ.