ಪಿಎಚ್ 6.9 ಎಂದು ನಂಬಿ ಕುಳಿತ ರಾತ್ರಿ

ದಸರಾ ಹಿಂದಿನ ವಾರ ನಮ್ಮ ಡೈರಿಯ ಪನೀರ್ ವಿಭಾಗಕ್ಕೆ ಮೂರನೆಯ ಪಾಳಿ ಸೇರಿತು. ಡೈರಿಯ ಕೊಳೆನೀರು ಶುದ್ಧೀಕರಿಸುವ ಇಟಿಪಿಯವರಾದ ನಮಗೆ ಅದು ತಿಳಿದದ್ದು ವೇ, ಅಂದರೆ ಪನೀರ್ ತೆಗೆದ ಮೇಲೆ ಉಳಿಯುವ ನೀರು, ಟ್ಯಾಂಕ್ ತುಂಬಿದ ಮೇಲೆ. "ವೇ ಎಲ್ಲವನ್ನೂ ಡೈಜೆಸ್ಟರ್‌ಗೆ ಬಿಡಿ, ಗ್ಯಾಸ್ ಹೆಚ್ಚು ಬರುತ್ತದಲ್ಲ" ಎಂದು ಮೇಲಿನಿಂದ ಫೋನ್ ಬಂತು. ಡೈಜೆಸ್ಟರ್ ಎಂದರೆ ಗಾಳಿಯಿಲ್ಲದೆ ಸೂಕ್ಷ್ಮಜೀವಿಗಳು ತ್ಯಾಜ್ಯವನ್ನು ಗ್ಯಾಸ್ ಮಾಡುವ ಮುಚ್ಚಿದ ಟ್ಯಾಂಕ್. ಲೆಕ್ಕವೇನೋ ಸರಿ: ಒಂದು ಕಿಲೋ ಸಿಒಡಿ (ನೀರಿನಲ್ಲಿರುವ ಕೊಳೆಯನ್ನು ಅಳೆಯುವ ಲೆಕ್ಕ) ಕೊಳೆತು ಕಡಿಮೆಯಾದರೆ ಸುಮಾರು 350 ಲೀಟರ್ ಮೀಥೇನ್, ವೇಯಲ್ಲಿ ಲೀಟರಿಗೆ 50 ಗ್ರಾಂ ಮೀರಿದ ಸಿಒಡಿ. ನಾನೂ ಒಪ್ಪಿ ಡೈಜೆಸ್ಟರ್‌ಗೆ ಬಿಡುವ ಫೀಡ್ ಏರಿಸಿದೆ.

ಮೂರನೆಯ ರಾತ್ರಿ ಎರಡು ಗಂಟೆಗೆ ಆಪರೇಟರ್ ಬಂದರು. ನನಗಿಂತ ಹದಿನೈದು ವರ್ಷ ಹಿರಿಯರು. "ಸರ್, ಸ್ಯಾಂಪಲ್ ನಲ್ಲಿಯಲ್ಲಿ ಕಮಟು ಬೆಣ್ಣೆಯ ವಾಸನೆ. ಜ್ವಾಲೆಯೂ ಬರ್ನರ್ ಮೇಲೆ ಕೂರುತ್ತಿಲ್ಲ." ನಾನು ಪಿಎಚ್ ಮೀಟರ್ ತೋರಿಸಿದೆ; ಪಿಎಚ್ ಇಳಿದಷ್ಟೂ ಆಮ್ಲ ಹೆಚ್ಚು. 6.9. "ಪಿಎಚ್ ಸರಿಯಿದೆಯಲ್ಲಣ್ಣ, ಗ್ಯಾಸೂ ಏರುತ್ತಿದೆ." ಅವರು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು ಹೊರಟುಹೋದರು. ವಿಎಫ್‌ಎ (ಒಳಗೆ ಸೇರಿದ ಆಮ್ಲ), ಆಲ್ಕಲಿನಿಟಿ (ಆ ಆಮ್ಲವನ್ನು ತಡೆಯುವ ಮೀಸಲು) ನೋಡಲು ಅರ್ಧ ಗಂಟೆ ಸಾಕಿತ್ತು. ಅದನ್ನು ಅಳೆಯುವ ಬ್ಯೂರೆಟ್ ಕೈಗೆಟುಕುವಷ್ಟು ಹತ್ತಿರವಿತ್ತು. ನಾನು ಏಳಲಿಲ್ಲ.

ಐದಕ್ಕೆ ಜ್ವಾಲೆ ಆರಿತು. ಮತ್ತೆ ಹಚ್ಚಿದರೆ ತೆಳು ನೀಲಿ ನಾಲಿಗೆಯೊಂದು ಎದ್ದು, ಬರ್ನರ್‌ನಿಂದ ಕಳಚಿಕೊಂಡು ಮಾಯವಾಗುತ್ತಿತ್ತು. ಗ್ಯಾಸ್ ಮೀಟರಿನಲ್ಲಿ ಏರುತ್ತಿದ್ದುದು ಬಹುಪಾಲು ಉರಿಯದ ಕಾರ್ಬನ್ ಡೈಆಕ್ಸೈಡ್. ನಡುಗುವ ಕೈಯಲ್ಲಿ ಟೈಟ್ರೇಷನ್ ಮಾಡಿದೆ: ಆಲ್ಕಲಿನಿಟಿಗೆ ವಿಎಫ್‌ಎ ಅನುಪಾತ 0.9. 0.3 ದಾಟಿದಾಗಲೇ ಎಚ್ಚರವಾಗಬೇಕಿತ್ತು. ಮರುದಿನ ಪಿಎಚ್ 5.8.

ಡೈಜೆಸ್ಟರ್‌ನೊಳಗಿರುವುದು ಒಂದೇ ಜೀವಿಯಲ್ಲ, ದೊಡ್ಡ ಸಂಸಾರ. ಹಾಲಿನ ಸಕ್ಕರೆಯನ್ನು ಆಮ್ಲ ಮಾಡುವವು ಗಂಟೆಗಳಲ್ಲಿ ದುಪ್ಪಟ್ಟಾಗುತ್ತವೆ; ಆ ಆಮ್ಲವನ್ನು ತಿಂದು ಮೀಥೇನ್ ಕೊಡುವವಕ್ಕೆ ದಿನಗಳೇ ಬೇಕು. ವೇಯಲ್ಲಿ ಸಕ್ಕರೆ ಜಾಸ್ತಿ, ಆಲ್ಕಲಿನಿಟಿ ಕಡಿಮೆ. ಆಲ್ಕಲಿನಿಟಿ ಬಹುಪಾಲು ತೀರುವವರೆಗೆ ಪಿಎಚ್ ಹೆಚ್ಚು ಅಲುಗಾಡುವುದಿಲ್ಲ. ಇದನ್ನು ಎಷ್ಟೋ ಟ್ರೈನಿಗಳಿಗೆ ನಾನೇ ಪಾಠ ಹೇಳಿದ್ದೆ.

ಫೀಡ್ ಪೂರ್ತಿ ನಿಲ್ಲಿಸಿದೆವು. ಆಮ್ಲ ತಗ್ಗಿಸಲು ಸ್ಟೋರಿನಲ್ಲಿ ಸುಣ್ಣವಿದೆ, ಅದನ್ನೇ ಸುರಿಯಿರಿ ಎಂಬ ಒತ್ತಾಯ ಬಂತು. ಸುಣ್ಣ ಕಾರ್ಬನ್ ಡೈಆಕ್ಸೈಡನ್ನು ಹೀರಿ ತಳದಲ್ಲಿ ಸೀಮೆಸುಣ್ಣವಾಗಿ ಕೂರುತ್ತದೆ, ಮೇಲೆ ನಿರ್ವಾತವೆದ್ದರೆ ಟ್ಯಾಂಕಿಗೇ ಅಪಾಯ. ಈ ಬಾರಿ ನಾನು ಬಗ್ಗಲಿಲ್ಲ. ಅದರ ಬದಲು ಕೇಳಿದ ಸೋಡಿಯಂ ಬೈಕಾರ್ಬನೇಟ್ ಚೀಲಗಳಿಗೆ ಸಹಿ ಬೀಳಲು ಎರಡು ದಿನ ಹಿಡಿಯಿತು. ಮೀಥೇನ್ ಕೊಡುವ ಜೀವಿಗಳು ಮತ್ತೆ ಸೇರಲೆಂದು ಸುತ್ತಲಿನ ಕೊಟ್ಟಿಗೆಗಳಿಂದ ಹಸಿ ಸಗಣಿ ತರಿಸಿ, ಕದಡಿ, ಸೋಸಿ ಬಿಟ್ಟೆವು.

ಆರು ವಾರದ ಮೇಲೆ ಒಂದು ರಾತ್ರಿ ಆಪರೇಟರ್ ಕರೆದರು. ಜ್ವಾಲೆ ಬರ್ನರ್ ಮೇಲೆ ಗಟ್ಟಿಯಾಗಿ ಕೂತಿತ್ತು. ಅವರ ಕೈ ಹಿಡಿದುಕೊಂಡು ಕ್ಷಮೆ ಕೇಳಿದೆ. ಲಾಗ್‌ಬುಕ್‌ನಲ್ಲಿ ಈಗ ವಾಸನೆ, ಜ್ವಾಲೆ ಎಂಬ ಎರಡು ಕಾಲಂ ಇವೆ. ಅವನ್ನು ಅವರೇ ತುಂಬುತ್ತಾರೆ. ಪನೀರ್ ವಿಭಾಗದ ವಾರದ ಯೋಜನೆ ಇಟಿಪಿಗೂ ಬರಲಿ ಎಂದು ಮೂರು ಬಾರಿ ಬರೆದಿದ್ದೇನೆ. ಇನ್ನೂ ಬಂದಿಲ್ಲ.