ಬಚ್ಚಲಿಗೆ ಕರೆದುಕೊಂಡು ಹೋಗುವವರು

2016ರ ಮಳೆಗಾಲದ ಆರಂಭದಲ್ಲಿ ಅಮ್ಮನನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ತೋರಿಸಿದೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ, ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದ ಅಜ್ಜಿಯನ್ನು ಮೂರು ವರ್ಷ ನೋಡಿಕೊಂಡಿದ್ದ ಅಮ್ಮ, ಅಜ್ಜಿ ತೀರಿಕೊಂಡ ಮೇಲೆ ಪೇಟೆಗೆಂದು ಹೊರಟದ್ದು ಅದೇ ಮೊದಲು. ಅಲ್ಜೈಮರ್ ಕಾಯಿಲೆಯಿಂದ ನೆನಪು ಕಳೆದುಕೊಂಡು ಕಾಣೆಯಾಗುವ ವೆಂಕೋಬ ರಾವ್ ಪಾತ್ರದಲ್ಲಿ ಅನಂತನಾಗ್ ಅವರನ್ನು ನೋಡಿ ಅವಳು ಅತ್ತಳು. ಆದರೆ ಹಿಂದಿರುಗುವಾಗ, ಬಸ್ಸು ಮಂಡಗದ್ದೆ ದಾಟಿದ ಮೇಲೆ, “ಅವ್ರನ್ನ ಬಚ್ಚಲಿಗೆ ಕರ್ಕೊಂಡು ಹೋಗೋರು ಯಾರು?” ಎಂದು ಕೇಳಿದಳು.

ಹೇಮಂತ್ ರಾವ್ ನಿರ್ದೇಶಿಸಿದ ಆ ಚಿತ್ರ ನನಗೆ ಈಗಲೂ ಇಷ್ಟ. ಆದರೂ ಅಮ್ಮನ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ತೆರೆಯ ಮೇಲೆ ಮುಪ್ಪು ಎಂದರೆ ಹೆಚ್ಚಾಗಿ ಮರೆವು, ಮತ್ತು ಆ ಮರೆವಿನಿಂದ ಮಗನಿಗಾಗುವ ನೋವು. ಮನೆಯೊಳಗೆ ಅದು ಬೇರೆಯೇ. ಬೆನ್ನಿನಲ್ಲಿ ಹುಣ್ಣಾಗದಂತೆ ರಾತ್ರಿಯೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು; ಗಂಟಲಲ್ಲಿ ಸಿಕ್ಕಿಕೊಳ್ಳದಂತೆ ತಲೆಯೆತ್ತಿ ಹಿಡಿದು ಗಂಜಿಯನ್ನು ಚಮಚ ಚಮಚವಾಗಿ ಕುಡಿಸಬೇಕು; ಆಷಾಢದ ಜಡಿಮಳೆಯಲ್ಲಿ ವಾರವಾದರೂ ಒಣಗದ ಬಟ್ಟೆಯನ್ನು ಬಚ್ಚಲೊಲೆಯ ಮೇಲೆ ಕಟ್ಟಿದ ಹಗ್ಗಕ್ಕೆ ಹರವಿ, ಹೊಗೆಯ ವಾಸನೆಯಿದ್ದರೂ ಬೆಚ್ಚಗಿದೆಯಲ್ಲ ಎಂದು ಉಡಿಸಬೇಕು. ಹೋಮ್ ನರ್ಸ್‌ಗಾಗಿ ಎಷ್ಟು ಹುಡುಕಿದರೂ, ರಸ್ತೆಯಿಂದ ಒಂದು ಮೈಲು ಒಳಗಿರುವ ತೋಟದ ಮನೆಗೆ ಬಂದಿರಲು ಯಾರೂ ಒಪ್ಪಲಿಲ್ಲ.

ಈ ಕೆಲಸಕ್ಕೆ ಕ್ಯಾಮೆರಾ ಮುಖ ತಿರುಗಿಸದ ಚಿತ್ರಗಳೂ ಇವೆ. ಮೈಕೆಲ್ ಹನೆಕೆಯವರ ‘ಅಮೂರ್’ (2012) ಚಿತ್ರದಲ್ಲಿ ಎಂಬತ್ತು ದಾಟಿದ ಗಂಡ, ನೀರು ಕುಡಿಯದೆ ಉಗುಳಿದ ಹೆಂಡತಿಯ ಕೆನ್ನೆಗೆ ಹೊಡೆದುಬಿಡುತ್ತಾನೆ, ಮರುಕ್ಷಣವೇ ಕ್ಷಮೆ ಕೇಳುತ್ತಾನೆ. ಅಷ್ಟೊಂದು ಪ್ರೀತಿಯಿದ್ದವನ ಕೈಯೂ ದಣಿವಿನಲ್ಲಿ ಹಾಗೆ ಮೇಲೇಳಬಹುದು ಎಂಬುದನ್ನು ಆರೈಕೆ ಮಾಡಿದವರು ಮಾತ್ರ ನಂಬಿಯಾರು. ನನಗೆ ಇನ್ನೂ ಹತ್ತಿರವಾದದ್ದು ಅಸ್ಗರ್ ಫರ್ಹಾದಿಯವರ ಇರಾನಿ ಚಿತ್ರ ‘ಎ ಸೆಪರೇಷನ್’ (2011). ಅದರಲ್ಲಿ ಮರೆವಿನ ಮುದುಕರನ್ನು ನೋಡಿಕೊಳ್ಳಲು ಕೂಲಿಗೆ ಬಂದ ಬಸುರಿ ಹೆಂಗಸು, ಬಟ್ಟೆಯಲ್ಲೇ ಮೂತ್ರ ಮಾಡಿಕೊಂಡ ಪರಪುರುಷನನ್ನು ತಾನು ಶುಚಿಗೊಳಿಸಿದರೆ ಪಾಪವೇ ಎಂದು ಧರ್ಮ ಬಲ್ಲವರಿಗೆ ಫೋನ್ ಮಾಡಿ ಕೇಳುತ್ತಾಳೆ. ಆರೈಕೆ ಮಾಡುವವಳಿಗೂ ಹೊಟ್ಟೆಪಾಡಿದೆ, ನಾಚಿಕೆಯಿದೆ, ಭಯವಿದೆ ಎಂಬುದನ್ನು ಆ ಒಂದು ಫೋನ್ ಕರೆಯಷ್ಟು ಸ್ಪಷ್ಟವಾಗಿ ಹೇಳಿದ ದೃಶ್ಯವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ದೃಶ್ಯವನ್ನು ಅಮ್ಮನಿಗೆ ವಿವರಿಸಿದೆ. ಅಡಿಕೆ ಆರಿಸುತ್ತಿದ್ದವಳು ಕೈ ನಿಲ್ಲಿಸದೆಯೇ, “ಮೊದಲ್ನೇ ದಿನ ನಂಗೂ ಯಾರನ್ನಾದ್ರೂ ಕೇಳ್ಬೇಕು ಅನ್ನಿಸಿತ್ತು. ಸೀರೆ ಬಿಚ್ಚುವಾಗ ಅತ್ತೆ ಕಣ್ಣು ಮುಚ್ಕೊಂಡ್ರು. ನಾನೂ ಮುಚ್ಕೊಂಡೆ” ಎಂದಳು.