ಕರೆಂಟ್ ಇಡಿಸಿಕೊಂಡರೆ ಸೊಂಟ ನೋವು ಹೋಗುತ್ತಾ?

ಸೊಂಟ ಹಿಡಿದುಕೊಂಡವರನ್ನು ಹೇಗಿದೀರಿ ಅಂತ ಕೇಳಿ ನೋಡಿ. 'ಫಿಸಿಯೋಥೆರಪಿಗೆ ಹೋಗ್ತಿದೀನಿ, ಕರೆಂಟ್ ಇಡ್ತಾರೆ' ಅನ್ನುತ್ತಾರೆ. ಮಲಗಿಸಿ, ಪ್ಯಾಡ್ ಅಂಟಿಸಿ, ಸ್ವಿಚ್ ಹಾಕಿದರೆ ಜುಂ ಅನ್ನುತ್ತದೆ, ಹಿತವಾಗಿರುತ್ತದೆ, ಕೆಲವರಿಗೆ ನಿದ್ದೆಯೂ ಹತ್ತುತ್ತದೆ. ಹೊರಡುವಾಗ ವ್ಯಾಯಾಮದ ಚಿತ್ರಗಳಿರೋ ಒಂದು ಜೆರಾಕ್ಸ್ ಹಾಳೆ ಕೊಡುತ್ತಾರೆ. ಅದು ಎಂಆರ್‌ಐ ರಿಪೋರ್ಟಿನ ಹಿಂದೆ ಸೇರಿ ಅಲ್ಲೇ ಉಳಿಯುತ್ತದೆ. ನನ್ನ ಕೇಳಿದರೆ ಅಸಲಿ ಚಿಕಿತ್ಸೆ ಇರೋದೇ ಆ ಹಾಳೆಯಲ್ಲಿ.

ಇದು ನನ್ನೊಬ್ಬಳ ಹಟ ಅಲ್ಲ. ಬಹಳ ದಿನದಿಂದ ಬಿಡದ ಸೊಂಟ ನೋವಿಗೆ ಏನು ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಹೇಳಿದೆ. ವ್ಯಾಯಾಮ ಮಾಡಿಸಿ, ಟ್ರಾಕ್ಷನ್ (ಬೆನ್ನು ಎಳೆದು ಹಿಡಿಯೋದು), ಅಲ್ಟ್ರಾಸೌಂಡ್ (ಸ್ಕ್ಯಾನ್ ಅಲ್ಲ, ಶಬ್ದದ ಅಲೆಯಿಂದ ಕೊಡೋ ಚಿಕಿತ್ಸೆ), ಟೆನ್ಸ್ (ಪ್ಯಾಡ್ ಅಂಟಿಸಿ ಇಡೋ ಕರೆಂಟ್), ಸೊಂಟದ ಬೆಲ್ಟ್ ಇವನ್ನೆಲ್ಲ ಮಾಮೂಲಾಗಿ ಎಲ್ಲರಿಗೂ ಕೊಡಬೇಡಿ ಅಂತ.

ಯಾವ ವ್ಯಾಯಾಮ ಅಂತೀರಾ? ಇಲ್ಲೊಂದು ಕಥೆ ಇದೆ. 1956ರಲ್ಲಿ ನ್ಯೂಜಿಲೆಂಡಿನ ವೆಲಿಂಗ್ಟನ್‌ನಲ್ಲಿ ರಾಬಿನ್ ಮೆಕೆಂಜಿ ಅನ್ನೋ ಫಿಸಿಯೋಥೆರಪಿಸ್ಟ್ ಹತ್ತಿರ ಕಾಲಿಗೆ ನೋವು ಇಳಿದಿದ್ದ ಒಬ್ಬ ರೋಗಿ ಬಂದ. ಬೋರಲು ಮಲಗಿರಿ, ಬಂದೆ ಅಂದರು. ಮಂಚದ ತಲೆಭಾಗ ಎತ್ತಿದ್ದು ಹಾಗೇ ಇತ್ತು, ಈತ ಅದರ ಮೇಲೇ ಬೆನ್ನು ಹಿಂದಕ್ಕೆ ಬಾಗಿಸಿಕೊಂಡು ಮಲಗಿಬಿಟ್ಟ. ಮೆಕೆಂಜಿ ವಾಪಸ್ ಬಂದು ನೋಡಿ ಗಾಬರಿಯಾದರೆ, ಈತ ಕಾಲು ನೋವು ಹೋಯ್ತು ಅಂದ!

ಅಲ್ಲಿಂದ ಹುಟ್ಟಿದ ಸೂತ್ರ ನನಗೆ ಬಹಳ ಇಷ್ಟ. ನೋವು ಎಷ್ಟಿದೆ ಅನ್ನೋದಕ್ಕಿಂತ ಎಲ್ಲಿಗೆ ಹೋಗುತ್ತಿದೆ ನೋಡಿ. ಪಾದದವರೆಗೆ ಇಳಿದದ್ದು ತೊಡೆಗೆ, ತೊಡೆಯಿಂದ ಸೊಂಟಕ್ಕೆ ಹತ್ತಿ ಬಂತಾ? ಸೊಂಟದಲ್ಲಿ ಸ್ವಲ್ಪ ಜಾಸ್ತಿ ಅನ್ನಿಸಿದರೂ ಒಳ್ಳೇ ಲಕ್ಷಣ. ಕೆಳಗಿಳಿಯುತ್ತಾ ಹೋದರೆ ಆ ವ್ಯಾಯಾಮ ನಿಲ್ಲಿಸಿ.

ಮಾಡೋದು ಕಷ್ಟವಲ್ಲ. ಹಾಸಿಗೆ ಬೇಡ, ನೆಲಕ್ಕೆ ಚಾಪೆ ಹಾಸಿ ಬೋರಲು ಮಲಗಿ. ಅಂಗೈ ಭುಜದ ಪಕ್ಕ ಊರಿ, ಕೈಬಲದಿಂದ ಎದೆ ಎತ್ತಿ, ಸೊಂಟ ಸಡಿಲ ಬಿಟ್ಟು ನೆಲಕ್ಕೇ ಜೋತುಬೀಳಲಿ. ಕ್ಷಣ ನಿಂತು ಇಳಿಯಿರಿ. ಹತ್ತು ಸಲ. ಭುಜಂಗಾಸನ ಮಾಡುವವರು ಬೆನ್ನು ಬಿಗಿ ಮಾಡುತ್ತಾರೆ, ಇಲ್ಲಿ ಅದು ಬೇಡ.

ಆದರೆ ಎಲ್ಲರಿಗೂ ಇದೇ ಅಲ್ಲ. ನಮ್ಮತ್ತೆ ನಿಂತು ದೋಸೆ ಹುಯ್ಯುತ್ತಿದ್ದರೆ ಕಾಲು ಸೆಳೆತ ಶುರುವಾಗುತ್ತದೆ, ಅಡುಗೆ ಕಟ್ಟೆಗೆ ಮೊಣಕೈ ಊರಿ ಮುಂದಕ್ಕೆ ಬಾಗಿದರೆ ಆರಾಮ. ನರ ಹೋಗುವ ದಾರಿ ಕಿರಿದಾಗಿರುವ ಇಂಥವರಿಗೆ ಹಿಂದಕ್ಕೆ ಬಾಗಿದರೆ ಇನ್ನೂ ಕೆಡುತ್ತದೆ. ಅವರಿಗೆ ಹೇಳಿಕೊಟ್ಟದ್ದು ಅಂಗಾತ ಮಲಗಿ ಮಂಡಿ ಎದೆಗೆ ತರೋದು. ಅದಕ್ಕೇ ಒಂದೆರಡು ಸಲವಾದರೂ ಫಿಸಿಯೋ ಕೈಲಿ ಪರೀಕ್ಷೆ ಮಾಡಿಸಿ, ಅವರ ಎದುರೇ ಮಾಡಿ ತೋರಿಸಿ.

ಸೊಂಟದ ಬದಲು ಕುತ್ತಿಗೆ ನೋವಿದ್ದರೆ ಮೊದಲು ಗದ್ದ ಹಿಂದಕ್ಕೆ ಎಳೆಯೋದು ಕಲಿಯಿರಿ. ಕೆಳಗೆ ಬಗ್ಗಿಸೋದಲ್ಲ, ಡ್ರಾಯರ್ ಮುಚ್ಚಿದ ಹಾಗೆ ನೇರ ಹಿಂದಕ್ಕೆ. ಎರಡನೇ ಗದ್ದ ಮೂಡಿದರೆ ಸರಿಯಾಗಿದೆ ಅಂತ ಅರ್ಥ, ಫೋಟೋ ಮಾತ್ರ ಬೇಡ.

ಎಂಆರ್‌ಐ ರಿಪೋರ್ಟಿನಲ್ಲಿ 'ಡಿಸ್ಕ್ ಬಲ್ಜ್' (ಬೆನ್ನುಮೂಳೆಗಳ ನಡುವಿನ ಮೆತ್ತೆ ಉಬ್ಬಿದೆ) ಅಂತಿದ್ದರೆ ಎದೆ ಒಡೆದುಕೊಳ್ಳಬೇಡಿ. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಮಾಡಿ ನೋಡಿದ 2015ರ ಅಧ್ಯಯನದಲ್ಲಿ 20 ವರ್ಷದವರಲ್ಲಿ ಶೇ. 30, 50 ವರ್ಷದವರಲ್ಲಿ ಶೇ. 60 ಮಂದಿಗೆ ಬಲ್ಜ್ ಇತ್ತು. ಹೆದರಬೇಕಾದ್ದು ಬೇರೆ: ಕಾಲಿನ ಬಲ ಕಡಿಮೆಯಾದರೆ, ಕೂರುವ ಜಾಗ ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ಚಾಪೆ ಸುತ್ತಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಿ.